ಬೆಳಗಿನ ಜಾವ 4 ಗಂಟೆಗೆ ಬಂದ ಹಳದಿ ಕೂಸು: ಒಂದು ಪ್ರಕರಣದ ಪೂರ್ತಿ ಕಥೆ

ಮಂಗಳವಾರ ಬೆಳಗಿನ ಜಾವ 4 ಗಂಟೆ. ತಾಯಿ ಮಗುವನ್ನು ಎದೆಗೆ ಅವುಚಿಕೊಂಡು ವಾರ್ಡಿನ ಬಾಗಿಲಲ್ಲಿ ನಿಂತಿದ್ದರು. ಹಿಂದೆ ಅಜ್ಜಿ, ಅವರ ಕೈಯಲ್ಲಿ ಬಟ್ಟೆಯ ಚೀಲ.

"ಡಾಕ್ಟ್ರೇ, ರಾತ್ರಿ ಹತ್ತು ಗಂಟೆಯಿಂದ ಹಾಲಿಗೇ ಏಳ್ತಿಲ್ಲ. ಎಬ್ಬಿಸಿದ್ರೆ ಎರಡು ಸಲ ಚೀಪ್ತಾನೆ, ಮತ್ತೆ ಮಲಗಿಬಿಡ್ತಾನೆ."

ಮಗುವಿಗೆ ಆಗ 98 ಗಂಟೆ ತುಂಬಿತ್ತು. ನಾಲ್ಕು ದಿನ ಅನ್ನದೆ 98 ಗಂಟೆ ಅಂತ ಬೇಕೆಂದೇ ಹೇಳುತ್ತಿದ್ದೇನೆ. ಹಸುಗೂಸಿನ ಕಾಮಾಲೆಯಲ್ಲಿ ದಿನದ ಲೆಕ್ಕ ಸಾಲದು, ಗಂಟೆಯ ಲೆಕ್ಕವೇ ಬೇಕು. 30 ಗಂಟೆಯ ಮಗುವಿನ ರಕ್ತದಲ್ಲಿ ಬಿಲಿರುಬಿನ್, ಅಂದರೆ ಮೈಯನ್ನು ಹಳದಿ ಮಾಡುವ ವಸ್ತು, 12 ಇದ್ದರೆ ಎದೆ ಧಸಕ್ಕೆನ್ನುತ್ತದೆ. ಅದೇ 12 ಐದನೇ ದಿನದ ಆರೋಗ್ಯವಂತ ಮಗುವಿನಲ್ಲಿ ಇದ್ದರೆ ಸಾಮಾನ್ಯವಾಗಿ ಹಾಲು ಕುಡಿಸಿ, ನೋಡುತ್ತಿರಿ ಎಂದು ಹೇಳಿ ಕಳಿಸುತ್ತೇವೆ. ಅಂಕೆ ಒಂದೇ ಆದರೂ ಅರ್ಥ ಬೇರೆ. ಇಲ್ಲಿ ಬರುವ ಬಿಲಿರುಬಿನ್ ಅಂಕೆಗಳೆಲ್ಲ ಒಂದು ಡೆಸಿಲೀಟರಿಗೆ ಎಷ್ಟು ಮಿಲಿಗ್ರಾಂ ಅನ್ನುವ ಲೆಕ್ಕದವು. ನಿಮ್ಮ ಲ್ಯಾಬ್ ಮೈಕ್ರೋಮೋಲ್‌ನಲ್ಲಿ ಕೊಡುವುದಾದರೆ 17.1ರಿಂದ ಗುಣಿಸಿಕೊಳ್ಳಿ.

ಮಗುವಿನ ಗುರುತು ಸಿಗುವ ವಿವರಗಳನ್ನು ಬಿಟ್ಟಿದ್ದೇನೆ. ನಮ್ಮಿಂದ ತಪ್ಪಾದ ಕಡೆಗಳನ್ನು ಬಿಟ್ಟಿಲ್ಲ.

ಮೊದಲ 40 ಗಂಟೆ

ಗಂಡು ಮಗು. 38 ವಾರ ತುಂಬಿ, ಶುಕ್ರವಾರ ಬೆಳಗಿನ ಜಾವ 2 ಗಂಟೆಗೆ, ಸಹಜ ಹೆರಿಗೆಯಲ್ಲಿ ಹುಟ್ಟಿದ. ತೂಕ 3,100 ಗ್ರಾಂ. ಹುಟ್ಟಿದ ಕೂಡಲೇ ಜೋರಾಗಿ ಅತ್ತ, ಒಂದು ಗಂಟೆಯೊಳಗೆ ಎದೆಹಾಲು ಹಿಡಿದ. ಎರಡನೇ ಮಗು; ಅಕ್ಕನಿಗೆ ನಾಲ್ಕು ವರ್ಷ. ಅಕ್ಕನಿಗೆ ಹುಟ್ಟಿದಾಗ ಹೇಳಿಕೊಳ್ಳುವಂಥ ಕಾಮಾಲೆ ಆಗಿರಲಿಲ್ಲ. ತಾಯಿಯ ರಕ್ತ ಓ ಪಾಸಿಟಿವ್, ಮಗುವಿನದು ಎ ಪಾಸಿಟಿವ್. ತಾಯಿಯ ಪ್ರತಿಕಾಯಗಳು ಮಗುವಿನ ರಕ್ತಕಣಗಳಿಗೆ ಅಂಟಿವೆಯೇ ಎಂದು ನೋಡಲು ಹೊಕ್ಕುಳಬಳ್ಳಿಯ ರಕ್ತದಲ್ಲಿ ಮಾಡಿದ ಕೂಂಬ್ಸ್ ಪರೀಕ್ಷೆ ನೆಗೆಟಿವ್.

ಶನಿವಾರ ಸಂಜೆ ಮನೆಗೆ ಕಳಿಸುವ ಮುಂಚೆ ಎದೆಯ ಮೇಲೆ ಮೀಟರ್ ಒತ್ತಿ ನೋಡಿದೆವು. ಈ ಮೀಟರ್ ಚರ್ಮದ ಮೇಲೆ ಬೆಳಕು ಬಿಟ್ಟು, ವಾಪಸ್ ಬರುವ ಬೆಳಕಿನಿಂದ ಬಿಲಿರುಬಿನ್ ಅಂದಾಜು ಮಾಡುತ್ತದೆ. ಸೂಜಿ ಚುಚ್ಚುವ ಅಗತ್ಯವಿಲ್ಲ. 40ನೇ ಗಂಟೆಗೆ 9.2 ತೋರಿಸಿತು. ಆ ವಯಸ್ಸಿಗೆ ಚಿಕಿತ್ಸೆ ಶುರು ಮಾಡುವ ಗೆರೆಗಿಂತ ಸಾಕಷ್ಟು ಕೆಳಗೆ. ಚಾರ್ಟಿನ ಪ್ರಕಾರ ಎರಡು ದಿನದೊಳಗೆ ಮತ್ತೆ ನೋಡಬೇಕಿತ್ತು. ಅಂದರೆ ಸೋಮವಾರ.

ಸೋಮವಾರ ರಜೆ ಇತ್ತು. ಚೀಟಿಯಲ್ಲಿ 'ಮಂಗಳವಾರ ಬೆಳಿಗ್ಗೆ ಹೊರರೋಗಿ ವಿಭಾಗಕ್ಕೆ ಬನ್ನಿ' ಎಂದು ಬರೆದು ಕೊಟ್ಟೆವು. ಒಂದೇ ದಿನದ ವ್ಯತ್ಯಾಸ ಅನ್ನಿಸಿತು. ವಾರ್ಡು ರಜೆಯ ದಿನವೂ ತೆರೆದಿರುತ್ತದೆ, ಮೀಟರ್ ಅಲ್ಲೇ ಗೋಡೆಗೆ ನೇತು ಹಾಕಿರುತ್ತದೆ. ಸೋಮವಾರ ವಾರ್ಡಿಗೇ ಬನ್ನಿ ಎಂದು ಬರೆಯಬಹುದಿತ್ತು. ಬರೆಯಲಿಲ್ಲ.

ಮನೆಯವರು ಚೀಟಿಯನ್ನು ನಂಬಿದರು. ಭಾನುವಾರವೇ ಮುಖ ಹಳದಿ ಅನ್ನಿಸಿತ್ತಂತೆ. ಸೋಮವಾರ ಹೊಟ್ಟೆಯೂ ಹಳದಿ. "ಹೇಗಿದ್ರೂ ನಾಳೆ ತೋರಿಸಬೇಕಲ್ಲ ಅಂತ ಸುಮ್ನಿದ್ವಿ" ಎಂದರು ತಾಯಿ. ಅವರ ಮೇಲೆ ತಪ್ಪು ಹೊರಿಸಲು ನನಗೆ ಬಾಯಿ ಬರುವುದಿಲ್ಲ.

ಕೂಸುಗಳು ಹಳದಿಯಾಗುವುದೇಕೆ

ಅವಧಿ ತುಂಬಿ ಹುಟ್ಟಿದ ಹತ್ತರಲ್ಲಿ ಸುಮಾರು ಆರು ಮಕ್ಕಳು ಮೊದಲ ವಾರದಲ್ಲಿ ಹಳದಿಯಾಗುತ್ತವೆ. ಅವಧಿಗೆ ಮುಂಚೆ ಹುಟ್ಟಿದವುಗಳಲ್ಲಿ ಹತ್ತಕ್ಕೆ ಎಂಟು. ಹಾಗಾಗಿ ಹಳದಿ ಬಣ್ಣ ಕಂಡ ತಕ್ಷಣ ರೋಗ ಅಂತಲ್ಲ.

ಕೆಂಪು ರಕ್ತಕಣ ಸತ್ತಾಗ ಅದರೊಳಗಿನ ಹಿಮೋಗ್ಲೋಬಿನ್ ಒಡೆಯುತ್ತದೆ. ಒಂದು ಗ್ರಾಂ ಹಿಮೋಗ್ಲೋಬಿನ್ ಒಡೆದರೆ ಸುಮಾರು 35 ಮಿಲಿಗ್ರಾಂ ಬಿಲಿರುಬಿನ್ ಹುಟ್ಟುತ್ತದೆ. ಮೂಗೇಟು ಬಿದ್ದ ಜಾಗ ನೀಲಿಯಿಂದ ಹಸಿರಿಗೆ, ಹಸಿರಿನಿಂದ ಹಳದಿಗೆ ತಿರುಗುವುದನ್ನು ನೋಡಿರುತ್ತೀರಿ ಅಲ್ವಾ? ಅದೇ ಕೆಲಸ, ಇಡೀ ಮೈಯಲ್ಲಿ. ದೊಡ್ಡವರ ರಕ್ತಕಣ ಸುಮಾರು 120 ದಿನ ಬಾಳುತ್ತದೆ. ಹಸುಗೂಸಿನದು 70ರಿಂದ 90 ದಿನ. ಕಣಗಳ ಸಂಖ್ಯೆಯೂ ಮಗುವಿನಲ್ಲಿ ಜಾಸ್ತಿ. ಹಾಗಾಗಿ ತೂಕಕ್ಕೆ ಹೋಲಿಸಿದರೆ ಮಗುವಿನ ಮೈಯಲ್ಲಿ ಬಿಲಿರುಬಿನ್ ಹುಟ್ಟುವುದು ದೊಡ್ಡವರಿಗಿಂತ ಎರಡು ಪಟ್ಟಿಗೂ ಹೆಚ್ಚು.

ಹುಟ್ಟಿದ್ದನ್ನು ಹೊರಗೆ ಹಾಕಬೇಕಾದ್ದು ಲಿವರ್. ಬಿಲಿರುಬಿನ್ ನೀರಿನಲ್ಲಿ ಕರಗುವುದಿಲ್ಲ. ಲಿವರಿನ ಒಂದು ಕಿಣ್ವ ಅದಕ್ಕೆ ಸಕ್ಕರೆ ಜಾತಿಯ ಒಂದು ಆಮ್ಲವನ್ನು ಅಂಟಿಸಿ ಕರಗುವಂತೆ ಮಾಡುತ್ತದೆ. ಆಮೇಲೆ ಅದು ಪಿತ್ತದ ಜೊತೆ ಕರುಳಿಗೆ ಹೋಗುತ್ತದೆ. ಹುಟ್ಟಿದ ದಿನ ಆ ಕಿಣ್ವದ ಶಕ್ತಿ ದೊಡ್ಡವರಲ್ಲಿ ಇರುವುದರ ನೂರರಲ್ಲಿ ಒಂದು ಪಾಲು ಮಾತ್ರ. ಸಾಲದ್ದಕ್ಕೆ ಮಗುವಿನ ಕರುಳು ಆ ಅಂಟನ್ನು ಬಿಡಿಸಿ ಬಿಲಿರುಬಿನ್ನನ್ನು ಮತ್ತೆ ರಕ್ತಕ್ಕೆ ಎಳೆದುಕೊಳ್ಳುತ್ತದೆ. ಮಗು ಹಾಲು ಕುಡಿದು ಮಲ ಬೇಗ ಬೇಗ ಹೊರಗೆ ಹೋದಷ್ಟೂ ಈ ವಾಪಸಾತಿ ಕಡಿಮೆ. ದಿನಕ್ಕೆ 8ರಿಂದ 12 ಸಲ ಹಾಲು ಕೊಡಿ ಎಂದು ನಾವು ಬಡಕೊಳ್ಳುವುದರ ಹಿಂದೆ ಈ ಕಾರಣವೂ ಇದೆ.

ಒಟ್ಟಿನಲ್ಲಿ ಒಳಗೆ ಬರುವುದು ಜಾಸ್ತಿ, ಹೊರಗೆ ಹೋಗುವುದು ಕಡಿಮೆ. 3ರಿಂದ 5ನೇ ದಿನಕ್ಕೆ ಏರಿ, ಆಮೇಲೆ ತಾನೇ ಇಳಿಯುತ್ತದೆ. ಮೊದಲ 24 ಗಂಟೆಯಲ್ಲೇ ಹಳದಿ ಕಂಡರೆ ಅದನ್ನು ಸಹಜ ಎಂದುಕೊಳ್ಳುವಂತಿಲ್ಲ. ನಮ್ಮ ಮಗುವಿನಲ್ಲಿ ಮೊದಲ ದಿನ ಏನೂ ಇರಲಿಲ್ಲ. ಈ ಅಂಶ ಮುಂದೆ ಉಪಯೋಗಕ್ಕೆ ಬಂತು.

ಮೊದಲು ದೀಪ, ಆಮೇಲೆ ರಿಪೋರ್ಟು

ಮಗುವನ್ನು ಮಂಚದ ಮೇಲೆ ಮಲಗಿಸಿ ಬಟ್ಟೆ ಸರಿಸಿದೆ. ಹಣೆ, ಎದೆ, ತೊಡೆ ಎಲ್ಲವೂ ಹಳದಿ. ಅಂಗಾಲನ್ನು ಬೆರಳಿಂದ ಒತ್ತಿ ಬಿಟ್ಟರೆ ಅಲ್ಲೂ ಹಳದಿ. ಬಣ್ಣ ತಲೆಯಿಂದ ಶುರುವಾಗಿ ಕಾಲಿನ ಕಡೆ ಇಳಿಯುತ್ತದೆ ಎನ್ನುವುದು ಹಳೆಯ ಗಮನಿಕೆ. 1969ರಲ್ಲಿ ಕ್ರೇಮರ್ ಎಂಬ ವೈದ್ಯರು ಇದನ್ನು ಮೈಯ ಭಾಗಗಳ ಲೆಕ್ಕದಲ್ಲಿ ಬರೆದರು. ಅಂಗಾಲಿನವರೆಗೆ ಬಂದಿದ್ದರೆ ತಡಮಾಡದೆ ರಕ್ತ ನೋಡಬೇಕು, ಅಷ್ಟು ಸರಿ. ಅದರಾಚೆಗೆ ಕಣ್ಣಳತೆಯನ್ನು ನಾನು ನಂಬುವುದಿಲ್ಲ. ಮೈಬಣ್ಣ ಕಪ್ಪಿದ್ದರೆ ಹಳದಿ ಅಡಗುತ್ತದೆ. ಕೋಣೆಯ ದೀಪ ಹಳದಿ ಇದ್ದರೆ ಎಲ್ಲ ಮಕ್ಕಳೂ ಹಳದಿ. ಅನುಭವಸ್ಥರೇ ನೋಡಿ ಹೇಳಿದ ಅಂಕೆಗೂ ರಕ್ತದ ಅಂಕೆಗೂ ದೊಡ್ಡ ಅಂತರ ಇರುವುದನ್ನು ಬೇಕಾದಷ್ಟು ಸಲ ಕಂಡಿದ್ದೇನೆ.

ತೂಕ 2,820 ಗ್ರಾಂ. ಹುಟ್ಟಿದ ತೂಕದಲ್ಲಿ ನೂರಕ್ಕೆ 9ರಷ್ಟು ಇಳಿದಿತ್ತು. ಹಿಂದಿನ ದಿನದಿಂದ ಮೂರು ಸಲ ಮಾತ್ರ ಮೂತ್ರ. ಮಲ ಹಳದಿಯಾಗಿತ್ತು, ಬಿಳಿಚಿರಲಿಲ್ಲ. ಜ್ವರ ಇಲ್ಲ. ಅಂಗಾಲು ತಟ್ಟಿದರೆ ಎಚ್ಚರಗೊಂಡು ಅತ್ತ. ಅಳು ಕೀರಲಾಗಿರಲಿಲ್ಲ, ಮಾಮೂಲಿ ಅಳುವೇ. ಆದರೆ ಬೇಗ ಸೋತು ಕಣ್ಣು ಮುಚ್ಚುತ್ತಿದ್ದ. ಕೈಕಾಲು ಸ್ವಲ್ಪ ಸಡಿಲ. ಬಾಯಿಗೆ ಬೆರಳಿಟ್ಟರೆ ಚೀಪುವುದು ದುರ್ಬಲ.

ಈ ಮೂರು ಲಕ್ಷಣಗಳು, ಅಂದರೆ ಮಂಪರು, ಸಡಿಲ ಮೈ, ಸೋತ ಚೀಪು, ಬಿಲಿರುಬಿನ್ ಮಿದುಳನ್ನು ಮುಟ್ಟುತ್ತಿದೆ ಎನ್ನುವುದರ ಮೊದಲ ಸುಳಿವಾಗಿರಬಹುದು. ಹಾಲು ಸಾಲದೆ ಬಳಲಿದ ಮಗುವೂ ಹೀಗೇ ಕಾಣುತ್ತದೆ. ಬೇರೆ ಮಾಡಿ ಹೇಳುವುದು ಕಷ್ಟ, ಮತ್ತು ಬೇರೆ ಮಾಡಲು ಕಾಯುತ್ತ ಕೂರಲೂಬಾರದು. ಮುಂದಿನ ಹಂತದಲ್ಲಿ ಮೈ ಸಡಿಲ ಹೋಗಿ ಬಿಗಿಯಾಗುತ್ತದೆ. ಕತ್ತು ಹಿಂದಕ್ಕೆ ಬಾಗುತ್ತದೆ, ಬೆನ್ನು ಬಿಲ್ಲಿನಂತೆ ಆಗುತ್ತದೆ, ಅಳು ಕೀರಲಾಗುತ್ತದೆ, ಜ್ವರ ಬರುತ್ತದೆ. ಅದು ಕಂಡರೆ ಅಂಕೆ ಎಷ್ಟೇ ಇರಲಿ, ರಕ್ತವನ್ನೇ ಬದಲಿಸಬೇಕು. ಆ ಹಂತ ದಾಟಿ ಉಳಿದ ಮಗುವಿಗೆ ಮುಂದೆ ಕೈಕಾಲುಗಳ ಮೇಲೆ ಹಿಡಿತ ಇಲ್ಲದ ಸೆರೆಬ್ರಲ್ ಪಾಲ್ಸಿ, ಕಿವುಡು, ಕಣ್ಣನ್ನು ಮೇಲಕ್ಕೆ ಎತ್ತಲಾಗದ ತೊಂದರೆ ಉಳಿದುಬಿಡಬಹುದು. ಮಿದುಳಿನ ಆಳದ ಗಂಟುಗಳು ಹಳದಿಯಾಗಿರುವುದನ್ನು ನೋಡಿ ಜರ್ಮನಿಯ ಶ್ಮೋರ್ಲ್ ಅದಕ್ಕೆ ಕರ್ನಿಕ್ಟೆರಸ್ ಎಂದು ಹೆಸರಿಟ್ಟರು. ನೂರು ವರ್ಷಕ್ಕಿಂತ ಹಳೆಯ ಹೆಸರು. ಸಮಯಕ್ಕೆ ಸರಿಯಾಗಿ ನೋಡಿದರೆ ತಡೆಯಬಹುದಾದ ಕಾಯಿಲೆ ಇದು, ಹಾಗಾಗಿಯೇ ಒಂದು ಮಗುವಿಗೆ ಆದರೂ ಹೊಟ್ಟೆ ಉರಿಯುತ್ತದೆ.

ರಕ್ತ ಎಳೆದು ಲ್ಯಾಬಿಗೆ ಕಳಿಸಿದೆವು. ರಿಪೋರ್ಟಿಗೆ ಕಾಯಲಿಲ್ಲ. ಅಂಗಾಲಿನವರೆಗೆ ಹಳದಿಯಾಗಿ, ಹಾಲು ಬಿಟ್ಟ ಮಗುವಿಗೆ ಒಂದು ಗಂಟೆ ಮುಂಚೆ ಬಿಲಿರುಬಿನ್ ಇಳಿಸುವ ದೀಪ ಹಚ್ಚಿದರೆ ಕಳೆದುಕೊಳ್ಳುವುದು ಏನೂ ಇಲ್ಲ. ಮೇಲೊಂದು, ಕೆಳಗೊಂದು ದೀಪ. ಕಣ್ಣಿಗೆ ಪಟ್ಟಿ, ಮೈಮೇಲೆ ಡಯಾಪರ್ ಬಿಟ್ಟು ಏನೂ ಇಲ್ಲ. ಅದನ್ನೂ ಸಣ್ಣದಾಗಿ ಮಡಚಿದೆವು. ಬೆಳಕು ಬೀಳದ ಚರ್ಮದಲ್ಲಿ ಕೆಲಸ ನಡೆಯುವುದಿಲ್ಲ.

ಬಟ್ಟೆ ಬಿಚ್ಚುತ್ತಿದ್ದ ಸಿಸ್ಟರ್ ಒಂದು ಕ್ಷಣ ನಿಂತರು. ಅಂಗಿಯನ್ನು ಮೂಗಿನ ಹತ್ತಿರ ಹಿಡಿದರು. "ಡಾಕ್ಟ್ರೇ, ನುಸಿ ಗುಳಿಗೆ ವಾಸನೆ ಬರ್ತಿದೆ" ಎಂದರು. ನಾನು ದೀಪದ ಎತ್ತರ ಸರಿ ಮಾಡುತ್ತಿದ್ದೆ. "ಹೌದಾ, ಬಟ್ಟೆ ಅಜ್ಜಿಗೆ ಕೊಟ್ಟುಬಿಡಿ" ಎಂದೆ. ಇಡೀ ಪ್ರಕರಣದ ಬೀಗದ ಕೈ ಆ ಅಂಗಿಯಲ್ಲಿತ್ತು. ಅದನ್ನು ಕೈಗೆ ಕೊಟ್ಟವರು ಸಿಸ್ಟರ್. ನಾನು ತೆಗೆದುಕೊಳ್ಳಲು ಆರು ಗಂಟೆ ಬೇಕಾಯಿತು.

21.8

ಮುಕ್ಕಾಲು ಗಂಟೆಯಲ್ಲಿ ಲ್ಯಾಬಿನಿಂದ ಫೋನ್ ಬಂತು. ಒಟ್ಟು ಬಿಲಿರುಬಿನ್ 21.8. ಅದರಲ್ಲಿ ಲಿವರ್ ಕರಗಿಸಿದ ಪಾಲು, ನಾವು ಡೈರೆಕ್ಟ್ ಎನ್ನುವುದು, 0.6 ಮಾತ್ರ. ಅಂದರೆ ಪಿತ್ತದ ದಾರಿ ಕಟ್ಟಿಲ್ಲ, ಲಿವರಿಗೆ ತಲುಪುವ ಮುಂಚಿನ ಸರಕೇ ಗುಡ್ಡೆ ಬಿದ್ದಿದೆ. ಹಿಮೋಗ್ಲೋಬಿನ್ 12.4, ನಾಲ್ಕು ದಿನದ ಮಗುವಿಗೆ ಕಡಿಮೆ. ಹೊಸ ರಕ್ತಕಣಗಳು, ಅಂದರೆ ರೆಟಿಕ್ಯುಲೋಸೈಟ್, ನೂರಕ್ಕೆ 9, ಜಾಸ್ತಿ. ಆಲ್ಬುಮಿನ್ ಎಂಬ ರಕ್ತದ ಪ್ರೋಟೀನ್ 3.2.

ಕಾಗದದ ಮೇಲೆ ಒಂದು ಸಣ್ಣ ಲೆಕ್ಕ ಹಾಕಿದೆ. ಈ ರೋಗದಲ್ಲಿ ನಾನು ಬಿಡದೆ ಹಾಕುವ ಲೆಕ್ಕ. 40ನೇ ಗಂಟೆಗೆ 9.2, 98ನೇ ಗಂಟೆಗೆ 21.8. 58 ಗಂಟೆಯಲ್ಲಿ 12.6 ಏರಿದೆ. ಗಂಟೆಗೆ ಸುಮಾರು 0.22. ಮೊದಲನೆಯದು ಮೀಟರಿನ ಅಂಕೆ, ಎರಡನೆಯದು ರಕ್ತದ ಅಂಕೆ, ಹಾಗಾಗಿ ಕೂದಲು ಸೀಳುವಷ್ಟು ನಿಖರವಲ್ಲ. ಆದರೂ ಮೊದಲ ದಿನದಲ್ಲಿ ಗಂಟೆಗೆ 0.3, ಆಮೇಲೆ ಗಂಟೆಗೆ 0.2 ಮುಟ್ಟಿದರೆ ರಕ್ತಕಣ ಎಲ್ಲೋ ಒಡೆಯುತ್ತಿದೆ ಎಂದು ತಿಳಿಯಬೇಕು. ಹಾಲು ಕಡಿಮೆಯಾಗಿ ಬಂದ ಕಾಮಾಲೆ ಸಾಮಾನ್ಯವಾಗಿ ಹೀಗೆ ಓಡುವುದಿಲ್ಲ. ಇಲ್ಲಿ ಹಾಲೂ ಕಡಿಮೆಯಾಗಿತ್ತು, ಕಣವೂ ಒಡೆಯುತ್ತಿತ್ತು. ಹಾಲು ಕಡಿಮೆ ಎಂಬ ಒಂದೇ ಉತ್ತರಕ್ಕೆ ತೃಪ್ತರಾಗಿದ್ದರೆ ಕಥೆ ಅಲ್ಲಿಗೇ ನಿಂತುಬಿಡುತ್ತಿತ್ತು.

ರಕ್ತ ಬದಲಿಸುವುದೋ ಬೇಡವೋ? ಹೊಕ್ಕುಳಿನ ಅಭಿಧಮನಿಗೆ ಕೊಳವೆ ಹಾಕಿ, ಮಗುವಿನ ರಕ್ತವನ್ನು ಸ್ವಲ್ಪ ಸ್ವಲ್ಪವೇ ತೆಗೆಯುತ್ತ, ದಾನಿಯ ರಕ್ತವನ್ನು ಸ್ವಲ್ಪ ಸ್ವಲ್ಪವೇ ಹಾಕುವ ಕೆಲಸ ಅದು. ಮೈಯಲ್ಲಿರುವ ರಕ್ತದ ಎರಡು ಪಟ್ಟು ಬೇಕು. ಕಿಲೋಗೆ 160 ಮಿಲಿ ಲೆಕ್ಕ ಹಿಡಿದರೆ ಈ ಮಗುವಿಗೆ ಹತ್ತಿರ ಹತ್ತಿರ 450 ಮಿಲಿ. ಮಗುವಿನ ಕಣಗಳಲ್ಲಿ ನೂರಕ್ಕೆ 85ರಷ್ಟು ಹೊರಗೆ ಹೋಗುತ್ತವೆ. ಜೀವ ಉಳಿಸುತ್ತದೆ, ನಿಜ. ಕ್ಯಾಲ್ಸಿಯಂ ಇಳಿಯುವುದು, ಪ್ಲೇಟ್‌ಲೆಟ್ ಇಳಿಯುವುದು, ಸೋಂಕು, ರಕ್ತ ಹೆಪ್ಪುಗಟ್ಟುವುದು, ಇವೆಲ್ಲ ಅದರ ಬೆನ್ನಿಗೇ ಇವೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರಲ್ಲಿ ತಿದ್ದಿದ ಮಾರ್ಗಸೂಚಿ ಇಲ್ಲೊಂದು ಮೆಟ್ಟಿಲು ಇಟ್ಟಿದೆ: ರಕ್ತ ಬದಲಿಸುವ ಗೆರೆಗೆ 2 ಮಿಲಿಗ್ರಾಂ ಒಳಗೆ ಬಂದ ಮಗುವನ್ನು ತುರ್ತು ಎಂದು ಎಣಿಸಿ. ತೀವ್ರ ನಿಗಾ ಘಟಕ, ಜೋರು ದೀಪ, ರಕ್ತನಾಳದಲ್ಲಿ ದ್ರವ, ಎರಡೆರಡು ಗಂಟೆಗೆ ಪರೀಕ್ಷೆ, ಜೊತೆಗೆ ರಕ್ತ ಹೊಂದಿಸಿ ಇಟ್ಟುಕೊಳ್ಳುವುದು. ಕಣ ಒಡೆಯುತ್ತಿರುವ ಮಗು ಎಂದು ಹಿಡಿದರೆ ನಮ್ಮವನು ಆ ಮೆಟ್ಟಿಲ ಮೇಲೆ ನಿಂತಿದ್ದ.

ಇನ್ನೊಂದು ಅಳತೆಯನ್ನೂ ನೋಡಿದೆ. ರಕ್ತದಲ್ಲಿ ಬಿಲಿರುಬಿನ್ನನ್ನು ಹೊತ್ತು ತಿರುಗುವುದು ಆಲ್ಬುಮಿನ್. ಆಲ್ಬುಮಿನ್ ಹಿಡಿದುಕೊಂಡಿರುವವರೆಗೆ ಬಿಲಿರುಬಿನ್ ಮಿದುಳಿಗೆ ನುಗ್ಗುವುದಿಲ್ಲ, ಕೈಬಿಟ್ಟುಹೋದದ್ದು ನುಗ್ಗುತ್ತದೆ. 21.8ನ್ನು 3.2ರಿಂದ ಭಾಗಿಸಿದರೆ 6.8. ಇಂಥ ಮಗುವಿನಲ್ಲಿ ರಕ್ತ ಬದಲಿಸುವ ಯೋಚನೆಗೆ ಹೇಳಿರುವ ಮಟ್ಟ 7.2. ಇನ್ನೂ ಸ್ವಲ್ಪ ಜಾಗ ಇತ್ತು.

ಎರಡು ಗಂಟೆ ಜೋರು ದೀಪ ಕೊಟ್ಟು ನೋಡೋಣ, ರಕ್ತ ಸಿದ್ಧವಾಗಿರಲಿ, ಏರಿದರೆ ಅಥವಾ ಮೈ ಬಿಗಿಯಾದರೆ ಆ ಕ್ಷಣವೇ ಬದಲಿಸೋಣ ಎಂದು ತೀರ್ಮಾನಿಸಿದೆವು. ತಂದೆತಾಯಿಗೆ ಎರಡೂ ದಾರಿಯನ್ನು ಬಿಡಿಸಿ ಹೇಳಿ ಒಪ್ಪಿಗೆ ಪತ್ರಕ್ಕೆ ಆಗಲೇ ಸಹಿ ತೆಗೆದುಕೊಂಡೆವು. ಆಮೇಲೆ ಓಡಾಡುವುದು ಬೇಡ ಅಂತ. ಕೈ ನಡುಗುತ್ತಿದ್ದ ತಂದೆ ಎರಡು ಸಲ ಸಹಿ ಮಾಡಬೇಕಾಯಿತು.

"ಬಿಸಿಲಿಗೆ ಹಿಡಿದ್ರೆ ಆಗಲ್ವಾ?"

ಅಜ್ಜಿ ಕೇಳಿದ ಪ್ರಶ್ನೆ. ಎಷ್ಟೋ ಮನೆಗಳಲ್ಲಿ ಕೇಳುವ ಪ್ರಶ್ನೆ, ಮತ್ತು ಅದರಲ್ಲಿ ಸತ್ಯದ ಎಳೆ ಇದೆ. 1950ರ ದಶಕದಲ್ಲಿ ಇಂಗ್ಲೆಂಡಿನ ಎಸೆಕ್ಸ್‌ನ ರೋಚ್‌ಫರ್ಡ್ ಆಸ್ಪತ್ರೆಯಲ್ಲಿ ಸಿಸ್ಟರ್ ವಾರ್ಡ್ ಎನ್ನುವವರು ಅವಧಿಗೆ ಮುಂಚೆ ಹುಟ್ಟಿದ ಮಕ್ಕಳನ್ನು ಬಿಸಿಲಿರುವ ದಿನ ಅಂಗಳಕ್ಕೆ ಕರೆದೊಯ್ಯುತ್ತಿದ್ದರು. ಒಂದು ದಿನ ಒಂದು ಮಗುವನ್ನು ವೈದ್ಯರಿಗೆ ತೋರಿಸಿದರು. ಮೈಯೆಲ್ಲ ತಿಳಿಯಾಗಿದೆ, ಒಂದು ತ್ರಿಕೋನದ ತುಂಡು ಮಾತ್ರ ಹಳದಿ. ಹೊದಿಕೆಯ ಮೂಲೆ ಮುಚ್ಚಿದ್ದ ಜಾಗ ಅದು. ಅದೇ ಆಸ್ಪತ್ರೆಯಲ್ಲಿ ಬಿಸಿಲಲ್ಲಿ ಮರೆತಿಟ್ಟ ರಕ್ತದ ಮಾದರಿಯಲ್ಲಿ ಬಿಲಿರುಬಿನ್ ಇಳಿದಿದ್ದೂ ಕಂಡುಬಂತು. ಕ್ರೇಮರ್ ಮತ್ತು ಸಂಗಡಿಗರು (ಅಂಗಾಲಿನ ಲೆಕ್ಕದ ಕ್ರೇಮರ್ ಬೇರೆ, ಇವರು ಬೇರೆ) ದೀಪದ ತೊಟ್ಟಿಲು ಮಾಡಿ, 1958ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಇವತ್ತಿಗೂ ನಾವು ಹಚ್ಚುವ ದೀಪದ ಮೂಲ ಆ ಸಿಸ್ಟರ್ ಕಣ್ಣಿಗೆ ಬಿದ್ದ ತ್ರಿಕೋನ.

ಆದರೆ ಬಿಸಿಲು ಬೇರೆ, ಈ ದೀಪ ಬೇರೆ. ಕೆಲಸ ಮಾಡುವುದು 460ರಿಂದ 490 ನ್ಯಾನೊಮೀಟರಿನ ನೀಲಿ–ಹಸಿರು ಬೆಳಕು. ಅದು ಚರ್ಮದಲ್ಲಿರುವ ಬಿಲಿರುಬಿನ್ ಕಣದ ಆಕಾರವನ್ನೇ ತಿರುಚುತ್ತದೆ. ತಿರುಚಿದ ಕಣ ಲಿವರಿನ ಕಿಣ್ವದ ಹಂಗಿಲ್ಲದೆ ಪಿತ್ತದಲ್ಲೂ ಮೂತ್ರದಲ್ಲೂ ಹೊರಗೆ ಹೋಗುತ್ತದೆ. ದೀಪ ಸಾಕಷ್ಟು ಪ್ರಖರವಾಗಿರಬೇಕು, ಗಂಟೆಗಟ್ಟಲೆ ಬೀಳಬೇಕು, ಮೈತುಂಬ ಬೀಳಬೇಕು. ಬಿಸಿಲಿನಲ್ಲಿ ಚರ್ಮ ಸುಡುವ ಅತಿನೇರಳೆ ಕಿರಣವಿದೆ, ಬಿಸಿಯಿದೆ. ಬರೀ ಮೈಯ ಕೂಸನ್ನು ಅಷ್ಟು ಹೊತ್ತು ಇಟ್ಟರೆ ಮೈನೀರು ಆರುತ್ತದೆ. ಕಿಟಕಿ ಪಕ್ಕ ಹತ್ತು ನಿಮಿಷ ಹಿಡಿದರೆ 21.8 ಇಳಿಯುವುದಿಲ್ಲ. ಕೆಟ್ಟದ್ದೇನೆಂದರೆ, ಏನೋ ಮಾಡಿದೆವು ಎಂಬ ಸಮಾಧಾನದಲ್ಲಿ ಒಂದು ದಿನ ಕಳೆದುಹೋಗುತ್ತದೆ. ಅಜ್ಜಿಗೆ ಇದನ್ನೆಲ್ಲ ಹೇಳಿದೆ. "ಹಾಗಾದ್ರೆ ಇದು ಬಿಸಿಲನ್ನೇ ಸೋಸಿ ಕೊಟ್ಟಂಗೆ" ಎಂದರು. ಇಷ್ಟು ಚೆನ್ನಾಗಿ ನಾನು ಹೇಳಿರಲಿಲ್ಲ.

ಆ ದಿನದ ಅಂಕೆಗಳು

ಆರೂವರೆಗೆ 22.1. ಎದೆ ಒಮ್ಮೆ ಡವಗುಟ್ಟಿತು. ಆದರೆ ಏರಿಕೆ ಎರಡೂವರೆ ಗಂಟೆಯಲ್ಲಿ 0.3 ಮಾತ್ರ, ವೇಗ ಹತ್ತಿರ ಹತ್ತಿರ ಅರ್ಧಕ್ಕೆ ತಗ್ಗಿತ್ತು. ಅಂಕೆ ಏರಿತ್ತು, ಓಟ ನಿಧಾನವಾಗಿತ್ತು. ಮೈ ಸಡಿಲವೇ, ಬಿಗಿಯಿಲ್ಲ. ಬದಲಿಸುವುದು ಬೇಡ, ಇನ್ನೆರಡು ಗಂಟೆ ನೋಡೋಣ ಎಂದೆವು. 9 ಗಂಟೆಗೆ 21.2. ಮಧ್ಯಾಹ್ನ 1ಕ್ಕೆ 19.4. ಸಂಜೆ 6ಕ್ಕೆ 16.9. ಬುಧವಾರ ಬೆಳಗಿನ ಜಾವ 13.6.

ಮೊದಲ ಕೆಲವು ಗಂಟೆ ಮಗುವನ್ನು ದೀಪದಿಂದ ತೆಗೆಯಲೇ ಇಲ್ಲ. ತಾಯಿ ಹಾಲು ಹಿಂಡಿ ಕೊಟ್ಟರು, ದೀಪದಡಿಯಲ್ಲೇ ಪುಟ್ಟ ಬಟ್ಟಲಿನಿಂದ ಕುಡಿಸಿದೆವು. ಮಧ್ಯಾಹ್ನ ಅಂಕೆ 20ರ ಕೆಳಗೆ ಬಂದ ಮೇಲೆ ಎದೆಗೆ ಕೊಟ್ಟೆವು. ಆ ಸಲ ಅವನು ಕಚ್ಚಿ ಹಿಡಿದ. ಕಣ್ಣಿನ ಪಟ್ಟಿ ಬಿಚ್ಚಿದ್ದೆವು; ಕಣ್ಣು ತೆರೆದು ತಾಯಿಯನ್ನು ನೋಡುತ್ತ ಹತ್ತು ನಿಮಿಷ ಬಿಡದೆ ಕುಡಿದ. ತಾಯಿ ಮೊದಲ ಸಲ ಅತ್ತದ್ದು ಆಗ.

ಓಡಿಸಿದ್ದು ಯಾರು?

ಬೆಳಿಗ್ಗೆ ರೌಂಡ್ಸ್‌ನಲ್ಲಿ ಎಲ್ಲರ ಬಾಯಲ್ಲೂ ಒಂದೇ ಉತ್ತರ: ತಾಯಿ ಓ, ಮಗು ಎ, ರಕ್ತದ ಗುಂಪು ಹೊಂದಿಲ್ಲ. ಸಹಜವಾದ ಊಹೆ. ತಾಯಿಯ ಪ್ರತಿಕಾಯಗಳು ಮಗುವಿನ ಕಣಗಳನ್ನು ಒಡೆಯುವುದು ನಿಜ, ಮೊದಲ ಮಗುವಿನಲ್ಲೇ ಆಗುವುದೂ ನಿಜ. ಆದರೆ ಕೂಂಬ್ಸ್ ನೆಗೆಟಿವ್. ಮತ್ತೆ ಮಾಡಿಸಿದಾಗಲೂ ನೆಗೆಟಿವ್. ಈ ಜಗಳ ಹುಟ್ಟಿದ ಕೂಡಲೇ ಶುರುವಾಗಿ ಸಾಮಾನ್ಯವಾಗಿ ಮೊದಲ ಒಂದೆರಡು ದಿನದಲ್ಲೇ ಮುಖ ತೋರಿಸುತ್ತದೆ. ನಮ್ಮ ಮಗು 40ನೇ ಗಂಟೆಗೆ ಆರಾಮಾಗಿದ್ದ. ಓಟ ಶುರುವಾಗಿದ್ದು ಮನೆಗೆ ಹೋದ ಮೇಲೆ. ಮನೆಯಲ್ಲಿ ಏನಿತ್ತು?

ಕೆಂಪು ಕಣಗಳು ಒಡೆಯದಂತೆ ಕಾಯುವ ಜಿ6ಪಿಡಿ ಎಂಬ ಕಿಣ್ವದ ಪರೀಕ್ಷೆಯೂ ಬೆಳಗಿನ ಮಾದರಿಯಲ್ಲೇ ಹೋಗಿತ್ತು. ಉತ್ತರ ಬಂತು: ನಾರ್ಮಲ್. "ಹಾಗಾದ್ರೆ ಅದೂ ಅಲ್ಲ ಸರ್" ಎಂದ ಕಿರಿಯ ವೈದ್ಯ.

ಆಮೇಲೆ ರಕ್ತದ ಸ್ಲೈಡ್ ನೋಡಿದ ಪೆಥಾಲಜಿಸ್ಟ್ ಕರೆದರು. ಗುಂಪು ಹೊಂದದ ಮಗುವಿನಲ್ಲಿ ಕಣಗಳು ಪುಟ್ಟ ಗುಂಡುಗಳಂತೆ ಕಾಣುತ್ತವೆ. ಇಲ್ಲಿ ಹಾಗಿರಲಿಲ್ಲ. ಅಂಚಿನಲ್ಲಿ ಯಾರೋ ಕಚ್ಚಿ ತೆಗೆದಂತೆ ಅರೆ ತುಂಡಾದ ಕಣಗಳು. ಆಮ್ಲಜನಕದ ಬಿರುಸಿಗೆ ಒಳಗಿನ ಹಿಮೋಗ್ಲೋಬಿನ್ ಮುದ್ದೆಯಾದಾಗ ಗುಲ್ಮ ಆ ಮುದ್ದೆಯನ್ನು ಕಿತ್ತು ತೆಗೆಯುತ್ತದೆ. ಉಳಿಯುವುದು ಈ ಕಚ್ಚಿದ ಕಣ. ಸೂಕ್ಷ್ಮದರ್ಶಕದಿಂದ ತಲೆ ಎತ್ತಿದಾಗ ನನಗೆ ಸಿಸ್ಟರ್ ಹೇಳಿದ ವಾಸನೆ ನೆನಪಾಯಿತು. ಬೆಳಿಗ್ಗೆ 10 ದಾಟಿತ್ತು.

ಓಡಿಹೋಗಿ ಅಜ್ಜಿಯ ಚೀಲ ಬಿಚ್ಚಿಸಿದೆ. ವಾಸನೆ ಮುಖಕ್ಕೆ ಹೊಡೆಯಿತು. ನಾಲ್ಕು ವರ್ಷ ಹಿಂದಿನ ಅಕ್ಕನ ಬಟ್ಟೆಗಳು. ಟ್ರಂಕಿನಲ್ಲಿ ನುಸಿ ಗುಳಿಗೆ ಹಾಕಿ ಜೋಪಾನವಾಗಿ ಇಟ್ಟಿದ್ದರು. ತಮ್ಮ ಹುಟ್ಟಿದ ಮೇಲೆ ತೆಗೆದು, ಕೊಡವಿ ಹಾಕಿದ್ದರು. ಅಂಗಿ, ಟೋಪಿ, ಹೊದಿಕೆ ಎಲ್ಲವೂ ಅದೇ. ಆಸ್ಪತ್ರೆಯಲ್ಲಿದ್ದಾಗ ಆಸ್ಪತ್ರೆಯ ಬಟ್ಟೆ. ಶನಿವಾರ ರಾತ್ರಿಯಿಂದ ಮನೆಯ ಬಟ್ಟೆ. ಹೊದಿಕೆಯಲ್ಲಿ ಮೂಗಿನವರೆಗೆ ಸುತ್ತಿ ಮಲಗಿಸಿದ್ದರು. ಒಳ್ಳೆಯ ಬಟ್ಟೆ ಹಾಳಾಗದಿರಲಿ, ಮಗುವಿಗೆ ಚಳಿಯಾಗದಿರಲಿ ಅಂತ. ಅಜ್ಜಿಯ ಪ್ರೀತಿಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಆ ಬಿಳಿ ಗುಳಿಗೆ ರಕ್ತಕ್ಕೆ ಏನು ಮಾಡುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ನುಸಿ ಗುಳಿಗೆಯಲ್ಲಿ ಇರುವ ನ್ಯಾಫ್ತಲೀನ್ ಉಸಿರಿನಿಂದಲೂ ಚರ್ಮದಿಂದಲೂ ಒಳಗೆ ಹೋಗುತ್ತದೆ. ಮೈಯಲ್ಲಿ ಮಾರ್ಪಟ್ಟು ಕೆಂಪು ಕಣಗಳಿಗೆ ಆಮ್ಲಜನಕದ ಪೆಟ್ಟು ಕೊಡುತ್ತದೆ. ಆ ಪೆಟ್ಟು ತಡೆಯುವ ಗುರಾಣಿ ಗ್ಲುಟಾಥಯೋನ್, ಆ ಗುರಾಣಿಯನ್ನು ಮತ್ತೆ ಮತ್ತೆ ಸರಿಮಾಡಿ ಕೊಡುವುದು ಜಿ6ಪಿಡಿ. ಅದು ಕಡಿಮೆ ಇದ್ದವರ ಕಣ ಸುಲಭವಾಗಿ ಒಡೆಯುತ್ತದೆ. ಜಗತ್ತಿನಲ್ಲಿ 40 ಕೋಟಿಗೂ ಹೆಚ್ಚು ಜನರಿಗೆ ಈ ಕೊರತೆ ಇದೆ. ಬಹುತೇಕರಿಗೆ ಇರುವುದು ಗೊತ್ತೇ ಇಲ್ಲ.

ಹಾಗಾದರೆ ಪರೀಕ್ಷೆ ನಾರ್ಮಲ್ ಬಂದದ್ದು? ಕಿಣ್ವ ಕಡಿಮೆ ಇದ್ದ ಹಳೆಯ ಕಣಗಳೆಲ್ಲ ಆಗಲೇ ಒಡೆದುಹೋಗಿದ್ದವು. ಉಳಿದದ್ದು ಎಳೆಯ ಕಣಗಳು, ಅವುಗಳಲ್ಲಿ ಕಿಣ್ವ ಜಾಸ್ತಿ. ನಾವು ಅಳೆದದ್ದು ಬದುಕಿ ಉಳಿದವರನ್ನು. ಕಣ ಒಡೆಯುತ್ತಿರುವಾಗ ಬಂದ ನಾರ್ಮಲ್ ಉತ್ತರವನ್ನು ನಂಬಬಾರದು, ಕನಿಷ್ಠ ಮೂರು ತಿಂಗಳ ನಂತರ ಮತ್ತೆ ನೋಡಬೇಕು. ಕಿರಿಯ ವೈದ್ಯನಿಗೆ ಇದನ್ನು ಹೇಳುವಾಗ ನನಗೆ ನಾನೇ ಹೇಳಿಕೊಂಡ ಹಾಗಿತ್ತು.

ಮನೆತನದ ಪ್ರಶ್ನೆಯನ್ನೂ ಮತ್ತೆ ಕೇಳಿದೆ. ಮೊದಲ ಸಲ "ಮನೆಯಲ್ಲಿ ಯಾರಿಗಾದರೂ ಕಾಮಾಲೆ ಆಗಿತ್ತಾ?" ಎಂದು ಕೇಳಿದ್ದೆ, "ಇಲ್ಲ" ಎಂದಿದ್ದರು. ಆದರೆ ಈ ಕೊರತೆ ಎಕ್ಸ್ ಕ್ರೋಮೋಸೋಮಿನಲ್ಲಿ ಬರುತ್ತದೆ. ತಾಯಿಯಿಂದ ಮಗನಿಗೆ ದಾಟುತ್ತದೆ, ಕಾಟ ಕೊಡುವುದು ಹೆಚ್ಚಾಗಿ ಗಂಡುಮಕ್ಕಳಿಗೆ. ಹಾಗಾಗಿ ಈ ಸಲ ತಾಯಿಯನ್ನೇ ಕೇಳಿದೆ: "ನಿಮ್ಮ ಅಣ್ಣತಮ್ಮಂದಿರು?" ಅವರು ಯೋಚಿಸಿದರು. "ನನ್ನ ತಮ್ಮನಿಗೆ ಹತ್ತು ವರ್ಷ ಇದ್ದಾಗ ಮಲೇರಿಯಾ ಬಂದಿತ್ತು. ಮಾತ್ರೆ ಕೊಟ್ಟ ಮೇಲೆ ಮೂತ್ರ ಕಪ್ಪಗೆ ಹೋಗಿ, ರಕ್ತ ಹಾಕಿಸಬೇಕಾಯ್ತು. ಜ್ವರದಿಂದ ಹಾಗಾಯ್ತು ಅಂದ್ರು." ಮಲೇರಿಯಾಕ್ಕೆ ಕೊಡುವ ಪ್ರಿಮಾಕ್ವಿನ್ ಇದೇ ಕೊರತೆಯಿರುವವರ ಕಣ ಒಡೆಯುವ ಹೆಸರುವಾಸಿ ಮಾತ್ರೆ. ಯಾವ ಮಾತ್ರೆ ಕೊಟ್ಟಿದ್ದರೋ, ಚೀಟಿ ಉಳಿದಿರಲಿಲ್ಲ. ಆದರೂ ನನಗೆ ಸಾಕಷ್ಟು ಸಿಕ್ಕಿತ್ತು.

ಬಟ್ಟೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ವಾರ್ಡಿನಿಂದಲೇ ಹೊರಗೆ ಕಳಿಸಿದೆವು. ತಂದೆ ಮನೆಗೆ ಹೋಗಿ ಟ್ರಂಕು, ಕಪಾಟು, ಬಚ್ಚಲು ಎಲ್ಲ ಕಡೆಯಿಂದ ಗುಳಿಗೆ ಆಯ್ದು ಬಿಸಾಡಿ ಬಂದರು.

ಮನೆಗೆ ಹೋದ ಮೇಲೆ

ದೀಪ 38 ಗಂಟೆ ಉರಿಯಿತು. ಬುಧವಾರ ಸಂಜೆ 11.0ಕ್ಕೆ ಆರಿಸಿದೆವು. ಕಣ ಒಡೆದ ಮಕ್ಕಳಲ್ಲಿ ಆರಿಸಿದ ಮೇಲೆ ಮತ್ತೆ ಏರುವುದುಂಟು, ಹಾಗಾಗಿ ಕೂಡಲೇ ಕಳಿಸಲಿಲ್ಲ. 12 ಗಂಟೆಯ ನಂತರ 12.1, ಮರುದಿನ 11.8. ಹಿಮೋಗ್ಲೋಬಿನ್ 10.9ರವರೆಗೆ ಇಳಿದು ನಿಂತಿತು, ರಕ್ತ ಹಾಕಬೇಕಾಗಲಿಲ್ಲ. ತೂಕ ಏರತೊಡಗಿತ್ತು.

ಕಿವಿಯ ಪರೀಕ್ಷೆಯ ಬಗ್ಗೆ ಒಂದು ಮಾತು. ಹಸುಗೂಸುಗಳಿಗೆ ಸಾಮಾನ್ಯವಾಗಿ ಮಾಡುವ ಓಎಇ ಪರೀಕ್ಷೆ ಒಳಗಿವಿಯ ಕೂದಲುಕೋಶಗಳನ್ನು ಮಾತ್ರ ನೋಡುತ್ತದೆ. ಬಿಲಿರುಬಿನ್ ಕೆಡಿಸುವುದು ಅಲ್ಲಿಂದ ಮುಂದಿನ ನರದ ದಾರಿಯನ್ನು. ಓಎಇ ಪಾಸಾದ ಮಗುವಿಗೂ ಮಾತು ಸ್ಪಷ್ಟವಾಗಿ ಕೇಳಿಸದೇ ಇರಬಹುದು. ಆದ್ದರಿಂದ ಇಂಥ ಮಕ್ಕಳಿಗೆ ಬೇರಾ ಪರೀಕ್ಷೆಯೇ ಆಗಬೇಕು. ಮಿದುಳಿನ ಕಾಂಡದವರೆಗೆ ಶಬ್ದ ತಲುಪುವುದನ್ನು ಅದು ಅಳೆಯುತ್ತದೆ.

ಮೂರೂವರೆ ತಿಂಗಳಿಗೆ ಬಂದಾಗ ಬೇರಾ ಮಾಡಿಸಿದೆವು, ಎರಡೂ ಕಿವಿ ಸರಿಯಾಗಿತ್ತು. ಕತ್ತು ನಿಂತಿತ್ತು. ಕೆಂಪು ಗಿಲಕಿಯನ್ನು ಮೇಲಕ್ಕೆತ್ತಿದೆ. ಕಣ್ಣೂ ಮೇಲಕ್ಕೆ ಹಿಂಬಾಲಿಸಿತು. ಅದನ್ನು ಮೂರು ಸಲ ಮಾಡಿ ನೋಡಿದೆ. ಜಿ6ಪಿಡಿ ಮತ್ತೆ ಕಳಿಸಿದೆವು. ಈ ಸಲ ಕಡಿಮೆ ಬಂತು, ಚೆನ್ನಾಗಿಯೇ ಕಡಿಮೆ. ಮಗುವಿನ ಸೋದರಮಾವನೂ ಪರೀಕ್ಷೆ ಮಾಡಿಸಿಕೊಂಡರು, ಅವರಿಗೂ ಕಡಿಮೆ. ಈಗ ಇಬ್ಬರ ಹತ್ತಿರವೂ ಒಂದೊಂದು ಕಾರ್ಡಿದೆ. ಯಾವ ಮಾತ್ರೆ ಕೂಡದು ಎಂಬ ಪಟ್ಟಿ ಅದರಲ್ಲಿದೆ, ಮೊದಲ ಸಾಲಿನಲ್ಲಿ ಪ್ರಿಮಾಕ್ವಿನ್, ಕೊನೆಯಲ್ಲಿ ಕೈಬರಹದಲ್ಲಿ ನುಸಿ ಗುಳಿಗೆ. ಅಕ್ಕನ ಬಗ್ಗೆ ತಾಯಿ ಕೇಳಿದರು. ಅವಳೂ ಈ ಜೀನನ್ನು ಹೊತ್ತಿರುವ ಸಾಧ್ಯತೆ ಇದೆ, ಸದ್ಯಕ್ಕೆ ಅದೇ ಪಟ್ಟಿ ಪಾಲಿಸಿ, ರಕ್ತ ಪರೀಕ್ಷೆ ಮಾಡಿಸೋಣ ಎಂದೆ.

ನಮ್ಮ ವಾರ್ಡಿನ ಚೀಟಿ ಈಗ ಬದಲಾಗಿದೆ. ಮನೆಗೆ ಕಳಿಸುವಾಗ ಬಿಲಿರುಬಿನ್ ಅಂಕೆಯ ಪಕ್ಕ ಮಗುವಿಗೆ ಎಷ್ಟು ಗಂಟೆ ಎಂದು ಬರೆಯುತ್ತೇವೆ. ಮರಳಿ ಬರಬೇಕಾದ ದಿನದ ಕೆಳಗೆ 'ರಜೆ ಇದ್ದರೆ ವಾರ್ಡಿಗೇ ಬನ್ನಿ' ಎಂದು ಅಚ್ಚು ಮಾಡಿಸಿದ್ದೇವೆ. ಅದರ ಕೆಳಗಿನ ಸಾಲು ಸಿಸ್ಟರ್ ಬರೆಸಿದ್ದು: 'ಮಗುವಿಗೆ ಹಾಕುವ ಬಟ್ಟೆಯಲ್ಲಿ ನುಸಿ ಗುಳಿಗೆ ಇಟ್ಟಿದ್ದೀರಾ?'